ಕಾರಿಗೂ ಬೇಕೇ ಸೀರೆ ಫಾಲ್?

ಹೊಸ ಸೀರೆ ತಂದ ಕೂಡಲೇ ಮೊದಲು ಮಾಡುವ ಕೆಲಸವೇನು? ಫಾಲ್ ಹಚ್ಚಲು ಕೊಡುವುದು. ಅಂಚು ನೆಲಕ್ಕೆ ಉಜ್ಜಿ ಹಾಳಾಗಬಾರದು, ಜತೆಗೆ ನೆರಿಗೆಯೂ ಚೆನ್ನಾಗಿ ಕೂರಬೇಕು. ಕಾರಿಗೂ ಅಂಥದ್ದೇ ಒಂದು ಫಾಲ್ ಇದೆ ಗೊತ್ತಾ? ಅದೇ ಸೈಡ್ ಸ್ಕರ್ಟ್.

ಕಾರು ಬುಕ್ ಮಾಡಲು ಹೋದಾಗ ಶೋರೂಮಿನವರು ಆಕ್ಸೆಸರಿಗಳ ಪಟ್ಟಿ ಮುಂದಿಡುತ್ತಾರೆ. ‘ಅಮ್ಮಾ, ಸೈಡ್ ಸ್ಕರ್ಟ್ ಹಾಕಿಸೋಣ, ಸಖತ್ತಾಗಿ ಕಾಣತ್ತೆ’ ಅಂತ ಮಗ ದುಂಬಾಲು ಬೀಳುತ್ತಾನೆ. ‘ಸುಮ್ನೆ ದುಡ್ಡು ದಂಡ’ ಅಂತ ಯಜಮಾನರು ಗೊಣಗುತ್ತಾರೆ. ಕೊನೆಗೆ ತೀರ್ಮಾನ ನಿಮ್ಮ ತಲೆಗೆ. ನೀವು ಕೆಜಿಎಫ್, ಬಂಗಾರಪೇಟೆ ಕಡೆಯವರಾದರೆ ಒಂದು ಮಾತು ನೆನಪಿಡಿ. ಈ ತೀರ್ಮಾನವನ್ನು ಕೆಟಲಾಗಿನ ಫೋಟೊ ನೋಡಿ ಮಾಡಬೇಡಿ, ನೀವು ದಿನಾ ಓಡಾಡುವ ರಸ್ತೆ ನೋಡಿ ಮಾಡಿ.

ಏನಿದು ಸೈಡ್ ಸ್ಕರ್ಟ್?

ಕಾರಿನ ಬಾಗಿಲು ತೆರೆದು ಕಾಲಿಡುವಾಗ ಕೆಳಗೆ ಒಂದು ಹೊಸ್ತಿಲು ಸಿಗುತ್ತದಲ್ಲ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಆ ಹೊಸ್ತಿಲಿನ ಹೊರಮೈಗೆ ಕೂರಿಸುವ ಉದ್ದನೆಯ ಪಟ್ಟಿಯೇ ಸೈಡ್ ಸ್ಕರ್ಟ್. ಕೆಲವು ಕಾರುಗಳಿಗೆ ಕಂಪನಿಯಿಂದಲೇ ಬರುತ್ತದೆ, ಉಳಿದವಕ್ಕೆ ಆಮೇಲೆ ಹಾಕಿಸಬೇಕು.

ಇದರ ಮೂಲ ರೇಸಿನ ಮೈದಾನ. 1977ರಲ್ಲಿ ಲೋಟಸ್ ಕಂಪನಿ ತನ್ನ ಫಾರ್ಮುಲಾ ಒನ್ ಕಾರಿನ ಎರಡೂ ಬದಿಗೆ ನೆಲಕ್ಕೆ ತಾಗುವಂಥ ಸ್ಕರ್ಟ್ ಕಟ್ಟಿತು. ಹೊರಗಿನ ಗಾಳಿ ಕಾರಿನ ಅಡಿಗೆ ನುಗ್ಗದಂತೆ ತಡೆದರೆ ಕಾರು ರಸ್ತೆಗೆ ಕಚ್ಚಿಕೊಂಡು ಓಡುತ್ತದೆ ಎಂಬುದು ಲೆಕ್ಕಾಚಾರ. ಮರುವರ್ಷವೇ ಮಾರಿಯೊ ಆಂಡ್ರೆಟ್ಟಿ ಲೋಟಸ್ ಕಾರಿನಲ್ಲಿ ಚಾಂಪಿಯನ್ ಆದ. ಆದರೆ ತಿರುವಿನ ವೇಗ ಅಪಾಯದ ಮಟ್ಟಕ್ಕೇರಿತು ಅಂತ 1981ರಿಂದ ಮೇಲೆ ಕೆಳಗೆ ಸರಿಯುವ ಸ್ಕರ್ಟುಗಳನ್ನು ನಿಷೇಧಿಸಿದರು.

ನಮ್ಮ ಮನೆಯ ಕಾರಿಗೆ ಈ ಲಾಭ ಸಿಗುತ್ತದೆಯೇ? ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಹಾಗಾಗಿ ಗಾಳಿಯ ಆಟವೆಲ್ಲ ಜೋರು ಓಟದಲ್ಲಿ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಸಂದಿಯಲ್ಲಿ 20 ಕಿ.ಮೀ. ವೇಗದಲ್ಲಿ ಹೋಗುವ ಕಾರಿಗೆ ಅದರಿಂದ ಮೈಲೇಜ್ ಹೆಚ್ಚುವುದಿಲ್ಲ. ‘ಪೆಟ್ರೋಲ್ ಉಳಿಯುತ್ತೆ ಮೇಡಂ’ ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ.

ಹಾಗಾದರೆ ಉಪಯೋಗವೇನು?

ಮುಂದಿನ ಚಕ್ರ ಸಿಡಿಸುವ ಜಲ್ಲಿಕಲ್ಲು, ಕೆಸರು ಮೊದಲು ಬಡಿಯುವುದು ಈ ಹೊಸ್ತಿಲಿಗೇ. ಒಂದೊಂದು ಏಟಿಗೂ ಬಣ್ಣ ಚಕ್ಕೆ ಏಳುತ್ತದೆ, ಅಲ್ಲಿ ನೀರು ಸೇರಿ ತುಕ್ಕು ಶುರುವಾಗುತ್ತದೆ. ಸ್ಕರ್ಟ್ ಇದ್ದರೆ ಆ ಏಟನ್ನು ತಾನು ತಿನ್ನುತ್ತದೆ.

ತುಕ್ಕಿಗೆ ಇಷ್ಟೊಂದು ಯಾಕೆ ಹೆದರಬೇಕು ಅಂತೀರಾ? ಹೊಸ್ತಿಲು ಬರೀ ಕಾಲಿಡುವ ಜಾಗವಲ್ಲ. ಕಾರಿನ ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದಿಡುವ ಬೆನ್ನೆಲುಬುಗಳಲ್ಲಿ ಅದೂ ಒಂದು. ಪಕ್ಕದಿಂದ ಇನ್ನೊಂದು ಗಾಡಿ ಬಂದು ಗುದ್ದಿದರೆ ಒಳಗೆ ಕೂತ ಮಕ್ಕಳಿಗೂ ಆ ಪೆಟ್ಟಿಗೂ ನಡುವೆ ಇರುವುದು ಬಾಗಿಲು, ಕಂಬ ಮತ್ತು ಈ ಹೊಸ್ತಿಲು. ಪಂಕ್ಚರ್ ಆದಾಗ ಜಾಕ್ ಕೊಡುವುದೂ ಸಾಮಾನ್ಯವಾಗಿ ಇದರ ಅಂಚಿಗೇ.

ಅಂದದ ವಿಷಯಕ್ಕೆ ಬಂದರೆ, ಸ್ಕರ್ಟ್ ಹಾಕಿದ ಕಾರು ಕಣ್ಣಿಗೆ ಉದ್ದವಾಗಿ, ನೆಲಕ್ಕೆ ಹತ್ತಿರವಾಗಿ ಕಾಣುತ್ತದೆ. ಕಾರಿನದೇ ಬಣ್ಣದ್ದಾದರೆ ಮೈಗೆ ಹೊಂದಿಕೊಂಡು ಲಕ್ಷಣವಾಗಿರುತ್ತದೆ. ಕಪ್ಪು ಬಣ್ಣದ್ದಾದರೆ ಕೆಸರಿನ ಕಲೆ, ಗೀರು ಬೇಗ ಎದ್ದು ಕಾಣುವುದಿಲ್ಲ. ಮುಂದೆ ಹಿಂದೆ ಏನೂ ಇಲ್ಲದೆ ಪಕ್ಕಕ್ಕೆ ಮಾತ್ರ ದಪ್ಪನೆಯ ಸ್ಕರ್ಟ್ ಹಾಕಿಸಿದರೆ ರೇಷ್ಮೆ ಸೀರೆಗೆ ಮ್ಯಾಚ್ ಆಗದ ಬ್ಲೌಸ್ ತೊಟ್ಟಂತೆ ಇರುತ್ತದೆ.

ಹಂಪ್ ದಾಟುವ ಲೆಕ್ಕ

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯ ಪ್ರಕಾರ ರಸ್ತೆ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಅಷ್ಟು ಅಗಲವಿದ್ದರೆ ಚಕ್ರಗಳೂ ಹಂಪಿನ ಮೇಲೇ ಇರುವುದರಿಂದ ಸಣ್ಣ ಕಾರಿನ ಹೊಟ್ಟೆಯ ಕಡೆಗೆ ಉಬ್ಬು ಏರುವುದು ಸುಮಾರು 4 ಸೆಂ.ಮೀ. ಮಾತ್ರ. ಆದರೆ ಹಳ್ಳಿಗಳ ಮುಂದೆ ಯಾರೋ ಹಾಕಿಸಿದ ಕಿರಿದಾದ ಉಬ್ಬುಗಳಿಗೆ ಈ ಲೆಕ್ಕ ನಡೆಯುವುದಿಲ್ಲ. ಉಬ್ಬು 15 ಸೆಂ.ಮೀ. ಇದ್ದರೆ ಅಷ್ಟೂ ಕಾರಿನಡಿಗೆ ಬರುತ್ತದೆ.

ಒಂದು ಉದಾಹರಣೆ ನೋಡಿ. ನೆಲದಿಂದ ಹೊಸ್ತಿಲಿಗೆ 21 ಸೆಂ.ಮೀ. ಇದೆ ಅಂದುಕೊಳ್ಳಿ. ಐದು ಜನ ಮತ್ತು ಲಗೇಜ್ ತುಂಬಿದಾಗ ಕಾರು 4 ಸೆಂ.ಮೀ. ಕುಸಿಯಿತು, ಸ್ಕರ್ಟ್ ಇನ್ನೊಂದು 4 ಸೆಂ.ಮೀ. ಇಳಿಯಿತು. ಉಳಿದದ್ದು 13. ಎದುರಿಗಿರುವ ಉಬ್ಬು 15! ಕಾಪಾಡಲು ಹಾಕಿಸಿದ ಸ್ಕರ್ಟೇ ಮೊದಲು ಮುರಿಯುತ್ತದೆ.

2024ರ ಕೊನೆಯಲ್ಲಿ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗದಲ್ಲಿ ಗಾಡಿಗಳು ಓಡಾಡಲು ಶುರುವಾದ ಮೇಲೆ ಬಂಗಾರಪೇಟೆ ಕಡೆಯವರಿಗೆ ನುಣುಪಾದ ರಸ್ತೆಯೂ ಹತ್ತಿರವಾಗಿದೆ. ಆದರೆ ಮನೆಯಿಂದ ಎಕ್ಸ್‌ಪ್ರೆಸ್‌ವೇವರೆಗೆ ಹೋಗಬೇಕಾದದ್ದು ಊರಿನ ರಸ್ತೆಯಲ್ಲೇ ಅಲ್ಲವೇ? ಅಳತೆಯನ್ನು ಆ ರಸ್ತೆಗೇ ನೋಡಿ.

ಧೂಳಿನ ಕಾಟ

ಕೆಜಿಎಫ್‌ನವರಿಗೆ ಸೈನೈಡ್ ಗುಡ್ಡಗಳ ಧೂಳಿನ ಬಗ್ಗೆ ಹೇಳಬೇಕಾಗಿಲ್ಲ. ಚಿನ್ನ ತೆಗೆದು ಉಳಿದ ಅದಿರಿನ ಹಿಟ್ಟನ್ನು ಗಣಿಯವರು ನೂರು ವರ್ಷಕ್ಕೂ ಹೆಚ್ಚು ಕಾಲ ಸುರಿದು ಎಬ್ಬಿಸಿದ ಗುಡ್ಡಗಳವು. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು, ಗುಡ್ಡಗಳು ಹಾಗೇ ಉಳಿದವು. ಆಷಾಢದ ಗಾಳಿಗೆ ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ ಕಡೆಯ ಮನೆಗಳಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಕೂರುವ ಆ ನುಣುಪು ಪುಡಿ ಸ್ಕರ್ಟಿನ ಹಿಂದಿನ ಸಂದಿಗೂ ಇಳಿಯುತ್ತದೆ. ಮಳೆ ಬಂದರೆ ಅಲ್ಲೇ ಕೆಸರಾಗಿ ತಿಂಗಳುಗಟ್ಟಲೆ ತಗಡಿಗೆ ಅಂಟಿಕೊಂಡಿರುತ್ತದೆ. ಹೊರಗಿನಿಂದ ಫಳಫಳ, ಒಳಗೆ ತುಕ್ಕು!

ಹೊಸ್ತಿಲಿನಡಿ, ಬಾಗಿಲಿನ ಕೆಳ ಅಂಚಿನಲ್ಲಿ ನೀರು ಬಸಿದುಹೋಗಲು ಸಣ್ಣ ತೂತುಗಳಿರುತ್ತವೆ. ಸ್ಕರ್ಟ್ ಅವನ್ನು ಮುಚ್ಚಿದರೆ ಒಳಗೆ ನೀರು ನಿಂತಂತೆಯೇ. ಆದ್ದರಿಂದ ಸ್ಕರ್ಟ್ ಇರುವ ಕಾರನ್ನು ಮೇಲಿನಿಂದ ತೊಳೆದರೆ ಸಾಲದು. ಹದಿನೈದು ದಿನಕ್ಕೊಮ್ಮೆಯಾದರೂ ಪೈಪಿನಿಂದ ಅಡಿಯ ಕಡೆಯಿಂದ ನೀರು ಬಿಟ್ಟು, ಕೆಸರು ಪೂರ್ತಿ ಇಳಿಯುವಂತೆ ತೊಳೆಸಿ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ತೀರಾ?

ಹಾಗಿದ್ದರೆ ಇನ್ನೂ ಹುಷಾರು. ತುಕ್ಕು ತಿಂದ ಹೊಸ್ತಿಲಿಗೆ ಪುಟ್ಟಿ ಮೆತ್ತಿ, ಮೇಲೊಂದು ಚೆಂದದ ಸ್ಕರ್ಟ್ ಕೂರಿಸಿ ಮಾರುವವರೂ ಇದ್ದಾರೆ. ಹರಿದ ಅಂಚಿಗೆ ಹೊಸ ಫಾಲ್ ಹಚ್ಚಿ ಮಾರಿದ ಹಾಗೆ! ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ಒಂದನ್ನು ಪರ್ಸಿನಲ್ಲಿ ಇಟ್ಟುಕೊಂಡು ಹೋಗಿ. ಬಾಗಿಲು ತೆರೆದು ಹೊಸ್ತಿಲಿನ ಮೇಲ್ಭಾಗಕ್ಕೂ ಸ್ಕರ್ಟ್ ಮುಚ್ಚದ ಅಡಿಭಾಗಕ್ಕೂ ತೆಳ್ಳನೆಯ ಬಟ್ಟೆ ಸುತ್ತಿದ ಮ್ಯಾಗ್ನೆಟ್ ಹಿಡಿದು ನೋಡಿ. ಒಂದು ಕಡೆ ಗಟ್ಟಿಯಾಗಿ ಹಿಡಿದು ಇನ್ನೊಂದು ಕಡೆ ಜಾರಿದರೆ ಅಲ್ಲಿ ತಗಡಿನ ಮೇಲೆ ಪುಟ್ಟಿ ಇರಬಹುದು. ಆಮೇಲೆ ನಿಮ್ಮ ನಂಬಿಕೆಯ ಮೆಕ್ಯಾನಿಕ್ ಹತ್ತಿರ ರ‍್ಯಾಂಪ್ ಮೇಲೆ ಏರಿಸಿ ಅಡಿಯಿಂದ ನೋಡಿಸಿ. ‘ಅದೆಲ್ಲ ಯಾಕೆ ಅಕ್ಕ?’ ಅಂತ ಮಾರುವವರು ತಡೆದರೆ ಬೇರೆ ಕಾರು ನೋಡಿ.

ಹಾಕಿಸುವುದೇ ಆದರೆ...

* ಮನೆ ಮಂದಿಯೆಲ್ಲ ಕಾರಿನಲ್ಲಿ ಕೂತಿರುವಾಗ ಹೊಲಿಗೆ ಟೇಪಿನಿಂದ ನೆಲದಿಂದ ಹೊಸ್ತಿಲಿಗೆ ಅಳೆಯಿರಿ. ಸ್ಕರ್ಟಿನ ಇಳಿತ ಕಳೆದ ಮೇಲೆ ಉಳಿಯುವುದು ನಿಮ್ಮ ದಾರಿಯ ಅತಿ ಎತ್ತರದ ಉಬ್ಬಿಗಿಂತ ಹೆಚ್ಚಿರಲಿ.

* ಫೈಬರಿನದು ಪೆಡಸು, ಬಡಿದರೆ ಸೀಳುತ್ತದೆ, ಆದರೆ ರಿಪೇರಿ ಮಾಡಬಹುದು. ಎಬಿಎಸ್ ಪ್ಲಾಸ್ಟಿಕ್ಕಿಗೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ರಬ್ಬರಿನಂತೆ ಬಾಗುವ ಪಾಲಿಯುರಿಥೇನ್ ಒರಟು ರಸ್ತೆಗೆ ವಾಸಿ.

* ಹೊಸ್ತಿಲಿಗೆ ಡ್ರಿಲ್ ಮಾಡಿದರೆ ಪ್ರತಿ ತೂತೂ ತುಕ್ಕಿಗೆ ಬಾಗಿಲು. ತೂತು ಅನಿವಾರ್ಯವಾದರೆ ಅಂಚಿಗೆ ತುಕ್ಕುನಿರೋಧಕ ಪೇಂಟ್ ಹಚ್ಚಿಸದೆ ಬಿಡಬೇಡಿ.

* ಜಾಕ್ ಎಲ್ಲಿ ಕೊಡಬೇಕು ಅಂತ ಅಂಗಡಿಯಲ್ಲೇ ತೋರಿಸಿಕೊಳ್ಳಿ, ಒಮ್ಮೆ ಏರಿಸಿಯೂ ನೋಡಿ. ರಾತ್ರಿ ದಾರಿಯಲ್ಲಿ ಟೈರ್ ಪಂಕ್ಚರ್ ಆದಾಗ ಸ್ಕರ್ಟಿನಡಿ ತಡಕಾಡುವ ಪಾಡು ಬೇಡ.

* ಹೊರಗೆ ಚಾಚಿಕೊಂಡ ಸ್ಕರ್ಟ್ ಇದ್ದರೆ ಇಳಿಯುವಾಗ ಸೀರೆಯ ಅಂಚಿಗೆಲ್ಲ ಕೆಸರು. ಮಂಡಿನೋವಿನ ಅತ್ತೆಯವರಿಗೆ ಕಾಲು ಎತ್ತಿ ದಾಟಿಸುವುದೂ ಕಷ್ಟ. ಅವರನ್ನೇ ಒಮ್ಮೆ ಹತ್ತಿಸಿ ಇಳಿಸಿ ನೋಡಿ.

* ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ಕಂಪನಿಯ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯಂತೆ ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಬಹುದು. ಹಾಗಾಗಿ ಕಾರಿನ ಅಗಲ ಹೆಚ್ಚಿಸುವ ಕಿಟ್ ಬೇಡ. ನಿಮ್ಮ ಮಾಡೆಲ್ಲಿಗೆಂದೇ ಕಂಪನಿ ಮಾಡಿದ ಸ್ಕರ್ಟನ್ನು ಬಿಲ್ ಸಮೇತ ಕೊಳ್ಳಿ, ಇನ್ಶೂರೆನ್ಸಿನವರಿಗೂ ತಿಳಿಸಿ.

ಬಜೆಟ್ ಕಮ್ಮಿಯೇ? ಹೊಸ್ತಿಲನ್ನು ಕಾಪಾಡುವುದಷ್ಟೇ ನಿಮ್ಮ ಉದ್ದೇಶವಾದರೆ ನಾಲ್ಕು ಚಕ್ರಕ್ಕೂ ಮಡ್ ಫ್ಲಾಪ್ ಹಾಕಿಸಿ, ಅಡಿಭಾಗಕ್ಕೆ ತುಕ್ಕು ತಡೆಯುವ ಕೋಟಿಂಗ್ ಮಾಡಿಸಿ. ಅಂದ ಹೆಚ್ಚದಿದ್ದರೂ ಸ್ಕರ್ಟ್ ಮಾಡುವ ಕೆಲಸದ ಬಹುಪಾಲು ಇಷ್ಟರಲ್ಲೇ ಆಗುತ್ತದೆ. ಮಗನಿಗೆ ಅಂದವೂ ಬೇಕೇ ಬೇಕು ಅಂತಾದರೆ ಒಂದು ಷರತ್ತಿನ ಮೇಲೆ ಒಪ್ಪಿಕೊಳ್ಳಿ: ಹದಿನೈದು ದಿನಕ್ಕೊಮ್ಮೆ ಬಗ್ಗಿ ಅದರ ಅಡಿ ತೊಳೆಯುವ ಕೆಲಸ ಅವನದೇ!