ಗೌರಿಹೂವಿನ ವಿಷ, ಜೀವಕೋಶದ ಸಾರವೆ

ಗೌರಿಹೂವಿನ ಗೆಡ್ಡೆ ಪ್ರಾಣ ತೆಗೆಯುತ್ತದೆ ಅನ್ನುತ್ತಾರೆ, ಅದೇ ಗಿಡವನ್ನು ಔಷಧಕ್ಕೆಂದು ಬೆಳೆಯುತ್ತಾರೆ, ಎರಡೂ ನಿಜವೇ? ಸೇಲಂ ಕಡೆಯ ಓದುಗರೊಬ್ಬರು ಹೀಗೆ ಕೇಳಿದ್ದಾರೆ. ಎರಡೂ ನಿಜ. ಕಾರಣ ಅದರಲ್ಲಿರುವ ಕಾಲ್ಚಿಸಿನ್ ಎಂಬ ರಾಸಾಯನಿಕ; ವಿಷವೂ ಅದೇ, ಮದ್ದೂ ಅದೇ. ಜೀವಕೋಶದ ಅಸ್ಥಿಪಂಜರದ ಪ್ರೋಟೀನೊಂದನ್ನು ನಮಗೆ ಪರಿಚಯಿಸಿದ್ದೂ ಅದೇ ವಿಷ.

1967ರಲ್ಲಿ ಶಿಕಾಗೋದ ಗ್ಯಾರಿ ಬೋರಿಸಿ ಮತ್ತು ಎಡ್ವಿನ್ ಟೇಲರ್ ವಿಕಿರಣಶೀಲ ಕಾಲ್ಚಿಸಿನ್ ಕೊಟ್ಟು, ಅದು ಕೋಶದಲ್ಲಿ ಯಾವುದಕ್ಕೆ ಅಂಟುತ್ತದೆಂದು ಹುಡುಕಿದರು. ಮಿದುಳಿನಲ್ಲಿ ಹೇರಳವಾಗಿದ್ದ ಒಂದು ಪ್ರೋಟೀನು ಸಿಕ್ಕಿತು. ಅದೇ ಟ್ಯೂಬುಲಿನ್. ಅದರ ಅಣುಗಳು ಸಾಲುಗಟ್ಟಿ 25 ನ್ಯಾನೋಮೀಟರ್ ದಪ್ಪದ ಕೊಳವೆಗಳಾಗುತ್ತವೆ. ಇವು ಮೂಳೆಯಂತೆ ಸ್ಥಿರವಲ್ಲ. ಮನೆ ಕಟ್ಟುವಾಗ ಹಾಕುವ ಸಾರವೆಯಂತೆ, ಕೆಲಸ ಇರುವಲ್ಲಿ ಏಳುತ್ತವೆ, ಮುಗಿದಾಗ ಕಳಚಿಕೊಳ್ಳುತ್ತವೆ. ಕಾಲ್ಚಿಸಿನ್ ಅಂಟಿದ ಟ್ಯೂಬುಲಿನ್ ಬಾಗಿದ ಬೊಂಬಿನಂತೆ. ಅದನ್ನಿಟ್ಟು ಸಾರವೆ ಮೇಲೇರದು, ಕೋಶ ಇಬ್ಭಾಗವಾಗದು.

ಆದರೆ ಕೆಡವಿ ನೋಡುವುದು ಒಂದು, ಕೆಡವದೆ ನೋಡುವುದು ಇನ್ನೊಂದು. ಟ್ಯೂಬುಲಿನ್ನಿನ ಬಾಲದ ತುದಿಯಲ್ಲಿ ಟೈರೋಸಿನ್ ಎಂಬ ಅಮೈನೋ ಆಮ್ಲವಿದೆ. ಕೋಶ ಅದನ್ನು ಕಿತ್ತುಹಾಕುತ್ತದೆ, ಮತ್ತೆ ಜೋಡಿಸುತ್ತದೆ. ಯಾವ ಕೊಳವೆ ಹೊಸದು, ಯಾವುದು ಹಳತು ಎಂಬುದಕ್ಕೆ ಅದೊಂದು ಗುರುತು. ಹಿಂದೆಲ್ಲ ಆ ಗುರುತನ್ನು ಕಾಣಲು ಕೋಶವನ್ನು ಕೊಂದು ಬಣ್ಣ ಹಾಕಬೇಕಿತ್ತು.

ಇದನ್ನು ಬದಲಿಸಿದ್ದು ನಮ್ಮ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆ. ಮಿನ್ಹಾಜುದ್ದೀನ್ ಸಿರಾಜುದ್ದೀನ್ ಅವರ ತಂಡ ಬಿಸಿನೀರಿನ ಬುಗ್ಗೆಯ ಸೂಕ್ಷ್ಮಜೀವಿಯೊಂದರ ಪುಟ್ಟ ಪ್ರೋಟೀನನ್ನು ಆರಿಸಿಕೊಂಡಿತು. ಅದರ ವಂಶವಾಹಿಯ ಅಸಂಖ್ಯ ರೂಪಾಂತರಗಳನ್ನು ಯೀಸ್ಟ್‌ಗಳಲ್ಲಿಟ್ಟು, ಟೈರೋಸಿನ್ ಇರುವ ಬಾಲವನ್ನಷ್ಟೇ ಹಿಡಿಯುವುದನ್ನು ಹೆಕ್ಕಿತು. ಅದಕ್ಕೆ ಹೊಳೆಯುವ ಪ್ರೋಟೀನಿನ ವಂಶವಾಹಿಯನ್ನು ಬೆಸೆದು ಕೋಶದೊಳಗೆ ಕಳಿಸಿದರೆ ಮುಗಿಯಿತು, ಕೋಶ ತಾನೇ ತನ್ನ ಕೊಳವೆಗಳಿಗೆ ದೀಪ ಹಚ್ಚಿಕೊಳ್ಳುತ್ತದೆ! 2020ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಗೌರಿಹೂವಿನ ಕಾಲ್ಚಿಸಿನ್ನೂ ನಿತ್ಯಪುಷ್ಪದ ವಿನ್‌ಕ್ರಿಸ್ಟಿನ್ನೂ ಮತ್ತೆ ಬಂದವು. ಎರಡೂ ಕೊಳವೆಗಳನ್ನು ಕೆಡವುತ್ತವೆ, ಆದರೆ ಕೆಡವುವ ರೀತಿ ಬೇರೆ ಬೇರೆ ಎಂಬುದು ಜೀವಂತ ಕೋಶದಲ್ಲೇ ಕಂಡಿತು.

ವಿನ್‌ಕ್ರಿಸ್ಟಿನ್ ಕ್ಯಾನ್ಸರಿಗೆ ಕೊಡುವ ಮದ್ದಾದರೂ, ಬೆಂಗಳೂರಿನ ಈ ಹೊಳೆಯುವ ಪ್ರೋಟೀನು ಮದ್ದಲ್ಲ. ಹಾಗೆ ಹೇಳಿ ಆಸೆ ಹುಟ್ಟಿಸುವುದು ತಪ್ಪು. ಇದು ನೋಡುವ ಸಾಧನ, ಮತ್ತು ನನ್ನ ಮಟ್ಟಿಗೆ ಒಳ್ಳೆಯ ಸಾಧನವೊಂದು ಹತ್ತು ಅವಸರದ ಘೋಷಣೆಗಳಿಗಿಂತ ದೊಡ್ಡದು.

ಪ್ರಶ್ನೆ ಕೇಳಿದವರಿಗೆ ಒಂದು ಮಾತು: ಗೌರಿಹೂವಿನ ಗೆಡ್ಡೆ ನೋಡಲು ಗೆಣಸಿನಂತಿದ್ದು ಮೋಸಹೋದವರಿದ್ದಾರೆ. ಮನೆಮದ್ದಾಗಿಯೂ ಅದನ್ನು ಬಳಸಬೇಡಿ. ಯಾರಾದರೂ ತಿಂದಿದ್ದರೆ, ವಾಂತಿಭೇದಿ ಶುರುವಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.