ಹಿಡಿಗುಂಡಿನ ಪಾಠ

ಹತ್ತು ಕಿಲೋಗ್ರಾಂ ಅಕ್ಕಿಗೂ ಹತ್ತು ಕಿಲೋಗ್ರಾಂ ಕಬ್ಬಿಣಕ್ಕೂ ತಕ್ಕಡಿಯು ಭೇದವೆಣಿಸುವುದಿಲ್ಲ. ಆದರೆ ಮನುಷ್ಯನ ದೇಹವು ತಕ್ಕಡಿಯಂತಲ್ಲ. ಅಷ್ಟೇ ತೂಕದ ನೀರು ಬಿಂದಿಗೆಯಲ್ಲಿ ಸೊಂಟದ ಮೇಲೆ ಕುಳಿತಾಗ ಹಗುರವೆನಿಸುತ್ತದೆ. ಅದೇ ಬಿಂದಿಗೆಯನ್ನು ಚಾಚಿದ ಕೈಯಲ್ಲಿ ಹಿಡಿದರೆ ಅರ್ಧ ನಿಮಿಷದೊಳಗೆ ತೋಳು ನಡುಗತೊಡಗುತ್ತದೆ. ಭೂಮಿಯ ಸೆಳೆತವು ಎರಡು ಸಂದರ್ಭಗಳಲ್ಲಿಯೂ ಒಂದೇ. ಹಾಗಾದರೆ ಬದಲಾದದ್ದು ಯಾವುದು? ಭಾರವು ಎಷ್ಟೆಂಬುದಲ್ಲ, ಎಲ್ಲಿದೆಯೆಂಬುದು. ಈ ಸಣ್ಣ ಭೇದವನ್ನು ಮನಗಾಣಿಸಲು ಇಂದು ಊರೂರಿನ ವ್ಯಾಯಾಮಶಾಲೆಗಳಲ್ಲಿ ಕಾಣಸಿಗುವ ಒಂದು ಉಪಕರಣವು ಬಹಳ ಸಹಾಯಕವಾಗಿದೆ. ಅದುವೇ ಕೆಟಲ್‌ಬೆಲ್.

ಎರಕದ ಕಬ್ಬಿಣದ ಒಂದು ಗುಂಡು. ಅದರ ಮೇಲೆ ಚಹಾದ ಕೆಟಲಿಗಿರುವಂತೆ ಬಾಗಿದ ಹಿಡಿಕೆ. ಇಷ್ಟೇ ಅದರ ರಚನೆ. ನಾವು ಇದನ್ನು ಹಿಡಿಗುಂಡು ಎಂದು ಕರೆಯಬಹುದು. ಇದು ರಷ್ಯಾ ದೇಶದಿಂದ ಬಂದದ್ದು. ಅಲ್ಲಿ ಇದಕ್ಕೆ ಗೀರ್ಯಾ ಎಂದು ಹೆಸರು. ಮೊದಲು ಇದು ಧಾನ್ಯವನ್ನು ತೂಗುವ ತೂಕದ ಬಟ್ಟಾಗಿತ್ತು. ಸಂತೆಯಲ್ಲಿ ಬಲಪರೀಕ್ಷೆಗೆಂದು ಅದನ್ನೆತ್ತುವ ವಾಡಿಕೆ ಬೆಳೆದು, ಮುಂದೆ ಅದುವೇ ವ್ಯಾಯಾಮದ ಸಾಧನವಾಯಿತು. ರಷ್ಯದ ಹಳೆಯ ತೂಕದ ಮಾನವಾದ ಪೂಡ್ ಎಂಬುದು 16.38 ಕಿಲೋಗ್ರಾಂಗಳಿಗೆ ಸಮ. ಇಂದಿಗೂ ಹಿಡಿಗುಂಡುಗಳು 16, 24, 32 ಕಿಲೋಗ್ರಾಂಗಳೆಂಬ ವಿಚಿತ್ರ ಅಂತರದಲ್ಲಿ ದೊರೆಯುವುದಕ್ಕೆ ಕಾರಣವು ಇದೇ: ಅವು ಒಂದು, ಒಂದೂವರೆ ಮತ್ತು ಎರಡು ಪೂಡ್‌ಗಳ ಉತ್ತರಾಧಿಕಾರಿಗಳು. 1885ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕ್ರಯೇವ್‌ಸ್ಕಿ ಎಂಬ ವೈದ್ಯನು ಭಾರ ಎತ್ತುವವರ ಒಂದು ಕೂಟವನ್ನು ಆರಂಭಿಸಿ ಈ ವಿದ್ಯೆಗೆ ಗೌರವವನ್ನು ತಂದನು. ಅದಾದ ನೂರು ವರ್ಷಗಳಿಗೆ, 1985ರಲ್ಲಿ, ಲಿಪೆಟ್ಸ್ಕ್ ನಗರದಲ್ಲಿ ಸೋವಿಯತ್ ಒಕ್ಕೂಟದ ರಾಷ್ಟ್ರೀಯ ಸ್ಪರ್ಧೆಯು ನಡೆಯಿತು.

ಕನ್ನಡಿಗರಿಗೆ ಭಾರವನ್ನೆತ್ತುವ ವಿದ್ಯೆಯೇನೂ ಹೊಸದಲ್ಲ. ಮೈಸೂರಿನ ಗರಡಿಮನೆಗಳಲ್ಲಿ ಕೆಮ್ಮಣ್ಣಿನ ಅಖಾಡದ ಪಕ್ಕದಲ್ಲಿ ಗದೆಯೂ ಗುಂಡುಕಲ್ಲೂ ಇದ್ದೇ ಇರುತ್ತವೆ. ವಿಜಯಪುರದ ಕಡೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲನ್ನೆತ್ತುವ ಸ್ಪರ್ಧೆಗೆ ಜನ ಕಿಕ್ಕಿರಿದು ಸೇರುತ್ತಾರೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ಕಟ್ಟಿ ನಡೆಸಿದ ಕೆ. ವಿ. ಅಯ್ಯರ್ ಅವರು ದೇಹದಾರ್ಢ್ಯದ ಗುರುಗಳಾಗಿದ್ದಂತೆಯೇ ಹೊಯ್ಸಳರ ರಾಣಿಯನ್ನು ಕುರಿತ ‘ಶಾಂತಲಾ’ ಕಾದಂಬರಿಯ ಕರ್ತೃಗಳೂ ಆಗಿದ್ದರು. ಹೀಗೆ ಹಾಸನ ಜಿಲ್ಲೆಯ ಬೇಲೂರು ಕನ್ನಡ ಓದುಗರ ಮನಸ್ಸಿನಲ್ಲಿ ಮತ್ತೆ ಬೆಳಗಿದ್ದು ಒಬ್ಬ ವ್ಯಾಯಾಮಪಟುವಿನ ಲೇಖನಿಯಿಂದ. ಉಡುಪಿ ಜಿಲ್ಲೆಯ ಗುರುರಾಜ ಪೂಜಾರಿಯವರು 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿಯ ಪದಕವನ್ನೂ 2022ರಲ್ಲಿ ಕಂಚಿನ ಪದಕವನ್ನೂ ಗಳಿಸಿದುದು ಭಾರ ಎತ್ತುವುದರಲ್ಲಿಯೇ.

ಕೈಯಿಂದ ಭಾರಕ್ಕೆ ಎಷ್ಟು ದೂರ?

ಈಗ ಮೂರು ಉಪಕರಣಗಳನ್ನು ಪಕ್ಕಪಕ್ಕದಲ್ಲಿ ಇರಿಸಿ ನೋಡೋಣ. ಉತ್ತರ ಭಾರತದ ಅಖಾಡಗಳಲ್ಲಿ ನಾಲ್ ಎಂಬ ಕಲ್ಲಿನ ಬಳೆಯಿದೆ; ಅದರ ಹಿಡಿಕೆಯು ಬಳೆಯ ನಡುವೆಯೇ ಇರುವುದರಿಂದ ಅದರ ಗುರುತ್ವಕೇಂದ್ರವು ಹಿಡಿದವನ ಮುಷ್ಟಿಯಲ್ಲಿಯೇ ಇರುತ್ತದೆ. ಸಾಮಾನ್ಯ ಡಂಬೆಲ್ಲಿನ ಸ್ಥಿತಿಯೂ ಇದೇ. ಗದೆಯಲ್ಲಾದರೋ ಭಾರವೆಲ್ಲವೂ ಉದ್ದನೆಯ ಕೋಲಿನ ತುದಿಯಲ್ಲಿದೆ. ಹಿಡಿಗುಂಡು ಇವೆರಡರ ನಡುವಿನದು. ಅದರ ಗುರುತ್ವಕೇಂದ್ರವು ಹಿಡಿಕೆಯಿಂದ ಸುಮಾರು 15 ಸೆಂಟಿಮೀಟರ್, ಎಂದರೆ ಒಂದು ಗೇಣಿಗೂ ಕಡಿಮೆ ದೂರದಲ್ಲಿದೆ.

ಬಲವನ್ನು ದೂರದಿಂದ ಗುಣಿಸಿದರೆ ತಿರುಗಿಸುವ ಸಾಮರ್ಥ್ಯ, ಅಂದರೆ ಭ್ರಾಮಕ, ದೊರೆಯುತ್ತದೆಂಬುದನ್ನು ವಿದ್ಯಾರ್ಥಿಗಳು ಸನ್ನೆಯ ಪಾಠದಲ್ಲಿ ಓದಿರುತ್ತಾರೆ. ಈ ಮೂರೂ ಉಪಕರಣಗಳ ತೂಕವು 10 ಕಿಲೋಗ್ರಾಂ ಎಂದಿಟ್ಟುಕೊಂಡು, ಅವುಗಳನ್ನು ನೆಲಕ್ಕೆ ಸಮಾಂತರವಾಗಿ ಹಿಡಿದರೆ ಮಣಿಕಟ್ಟಿನ ಮೇಲೆ ಬೀಳುವ ಭ್ರಾಮಕವು ನಾಲ್‌ನಲ್ಲಿ ಬಹುಮಟ್ಟಿಗೆ ಶೂನ್ಯ, ಹಿಡಿಗುಂಡಿನಲ್ಲಿ ಸುಮಾರು 15 ನ್ಯೂಟನ್ ಮೀಟರ್, ಒಂದು ಮೀಟರ್ ಉದ್ದದ ಗದೆಯಲ್ಲಿ ಸುಮಾರು 98 ನ್ಯೂಟನ್ ಮೀಟರ್. ತೂಕವೊಂದೇ, ಆದರೆ ಕೈಗೆ ಆಗುವ ಅನುಭವಗಳು ಮೂರು. ಗದೆಯನ್ನು ಯಾರೂ ಅಡ್ಡಲಾಗಿ ಹಿಡಿದು ನಿಲ್ಲದೆ, ಹೆಗಲ ಹಿಂದೆ ಇಳಿಬಿಟ್ಟು ತೂಗಿಯೇ ತಿರುಗಿಸುವುದೇಕೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಹೆಗ್ಗದ್ದೆಯ ಕಣದಲ್ಲಿ

ಸಕಲೇಶಪುರದ ಗುಡ್ಡಗಳ ನಡುವಿನ ಹೆಗ್ಗದ್ದೆಯಲ್ಲಿ ನಾನು ಮೊದಲ ಬಾರಿಗೆ ಹಿಡಿಗುಂಡನ್ನು ಎತ್ತಿದೆನು. ಕಾಫಿ ಒಣಗಿಸುವ ಕಣವೇ ನಮ್ಮ ವ್ಯಾಯಾಮಶಾಲೆ. ಕಲಿಸಿದವರು ದೈಹಿಕ ಶಿಕ್ಷಣದ ಉಪಾಧ್ಯಾಯರಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು. ಗುಂಡಿನ ತೂಕ 12 ಕಿಲೋಗ್ರಾಂ. ಒಂದು ಅಳತೆಪಟ್ಟಿ ಮತ್ತು ಒಂದು ನಿಲುಗಡಿಯಾರ, ಇವೆರಡೇ ನಮ್ಮ ಪ್ರಯೋಗಶಾಲೆಯ ಸಾಮಗ್ರಿಗಳು.

ಮೊದಲು ಕಲಿಯಬೇಕಾದ ಚಲನೆಯು ತೂಗು. ಕಾಲುಗಳನ್ನು ಹೆಗಲಗಲಕ್ಕಿಂತ ತುಸು ಹೆಚ್ಚು ಅಗಲಿಸಿ ನಿಂತು, ಬೆನ್ನನ್ನು ನೇರವಾಗಿಯೇ ಇರಿಸಿಕೊಂಡು ಸೊಂಟದ ಕೀಲಿನಲ್ಲಿ ಬಾಗಿ, ಎರಡೂ ಕೈಗಳಿಂದ ಹಿಡಿಕೆಯನ್ನು ಹಿಡಿದು ಗುಂಡನ್ನು ತೊಡೆಗಳ ನಡುವೆ ಹಿಂದಕ್ಕೆ ತೂರಿಸಬೇಕು. ಬಳಿಕ ಸೊಂಟವನ್ನು ಚುರುಕಾಗಿ ಮುಂದಕ್ಕೆ ತಂದು ನೆಟ್ಟಗೆ ನಿಲ್ಲಬೇಕು. ಗುಂಡು ತಾನಾಗಿಯೇ ಎದೆಯ ಮಟ್ಟಕ್ಕೆ ತೇಲಿಬರುತ್ತದೆ. ತೋಳುಗಳು ಇಲ್ಲಿ ಎತ್ತುವ ಸಾಧನಗಳಲ್ಲ, ಬಾವಿಯ ಹಗ್ಗದಂತೆ ಬರಿಯ ಕೊಂಡಿಗಳು. ಕೆಲಸವೆಲ್ಲ ಪೃಷ್ಠ ಮತ್ತು ತೊಡೆಯ ಹಿಂಬದಿಯ ದೊಡ್ಡ ಸ್ನಾಯುಗಳದು. ಭಾರವೆತ್ತುವುದು ತೋಳಿನ ವ್ಯವಹಾರವೆಂದು ನಂಬಿದವರಿಗೆ ಮೊದಲ ಹತ್ತು ತೂಗುಗಳಲ್ಲಿಯೇ ಬೇರೊಂದು ದೇಹದ ಪರಿಚಯವಾಗುತ್ತದೆ.

ಇಪ್ಪತ್ತು ತೂಗುಗಳಿಗೆ 32 ಸೆಕೆಂಡುಗಳು ಹಿಡಿದವು, ಒಂದಕ್ಕೆ 1.6 ಸೆಕೆಂಡು. ಹೆಗಲಿನಿಂದ ಗುಂಡಿನ ಕೇಂದ್ರಕ್ಕೆ ಸುಮಾರು 0.7 ಮೀಟರ್. ಅಷ್ಟು ಉದ್ದದ ಸರಳ ಲೋಲಕದ ಆಂದೋಲನ ಕಾಲವನ್ನು ಸೂತ್ರದಿಂದ ಲೆಕ್ಕ ಹಾಕಿದರೆ 1.68 ಸೆಕೆಂಡು ಬರುತ್ತದೆ. ತೂಗು ದೊಡ್ಡದಾದಷ್ಟೂ ಲೋಲಕದ ಕಾಲವು ಕೊಂಚ ಹೆಚ್ಚುತ್ತದೆ, ಸೊಂಟದ ತಳ್ಳು ಅದನ್ನು ತಗ್ಗಿಸುತ್ತದೆ; ಆದುದರಿಂದ ಎರಡು ಸಂಖ್ಯೆಗಳು ಕೂದಲೆಳೆಯಷ್ಟೂ ತಪ್ಪದೆ ಹೊಂದಬೇಕಾಗಿಲ್ಲ. ಆದರೂ ಅವು ನೆರೆಹೊರೆಯಲ್ಲಿರುವುದು ಗಮನಾರ್ಹ. ಲೋಲಕದ ಕಾಲವು ಭಾರವನ್ನು ಅವಲಂಬಿಸುವುದಿಲ್ಲವಷ್ಟೆ. 16 ಕಿಲೋಗ್ರಾಂ ಗುಂಡನ್ನು ಹಿಡಿದಾಗಲೂ ತಾಳವು ಬಹುಮಟ್ಟಿಗೆ ಅದೇ ಆಗಿತ್ತು.

ಮಲೆನಾಡಿನ ಎತ್ತರದಲ್ಲಿ ಗುಂಡು ಹಗುರವಾಗುವುದಿಲ್ಲವೇ ಎಂದು ಜೊತೆಯಲ್ಲಿದ್ದ ಹುಡುಗನೊಬ್ಬನು ಕೇಳಿದನು. ಪ್ರಶ್ನೆಯು ಯೋಗ್ಯವಾದುದೇ. ಮಂಗಳೂರಿನ ಕಡಲತೀರಕ್ಕಿಂತ ಇಲ್ಲಿ ಭೂಮಿಯ ಸೆಳೆತವು ತುಸು ಕಡಿಮೆ. ಆದರೆ 12 ಕಿಲೋಗ್ರಾಂ ಗುಂಡಿನಲ್ಲಿ ಆ ವ್ಯತ್ಯಾಸವು ಕೆಲವೇ ಗ್ರಾಂಗಳ ತೂಕದಷ್ಟು. ಅಂಗೈಯ ಬೆವರಿನಿಂದ ಹಿಡಿಕೆ ಜಾರುವುದು ಅದಕ್ಕಿಂತ ದೊಡ್ಡ ಸಮಸ್ಯೆ.

ಹನ್ನೆರಡು ಇಪ್ಪತ್ತೊಂಬತ್ತಾಗುವ ಬಗೆ

ತೂಗಿನ ತಳದಲ್ಲಿ ಗುಂಡು ಇಮ್ಮಡಿ ಭಾರವಾದಂತೆ ತೋರುತ್ತದೆ. ಇದು ಭ್ರಮೆಯಲ್ಲ. ವೃತ್ತದ ಹಾದಿಯಲ್ಲಿ ಚಲಿಸುವ ವಸ್ತುವನ್ನು ಒಳಕ್ಕೆಳೆಯಲು ಕೇಂದ್ರಾಭಿಮುಖ ಬಲವೊಂದು ಬೇಕು. ಅದನ್ನು ಒದಗಿಸಬೇಕಾದವು ನಮ್ಮ ಬೆರಳುಗಳೇ. ಕೈಗಳು ನೇರವಾಗಿ ಇಳಿಬಿದ್ದ ಸ್ಥಾನದಿಂದ ಗುಂಡು 0.5 ಮೀಟರ್ ಮೇಲೇರಿ ಮತ್ತೆ ಕೆಳಗಿಳಿದರೆ, ತಳದಲ್ಲಿ ಅದರ ವೇಗವು ಸೆಕೆಂಡಿಗೆ ಸುಮಾರು 3.1 ಮೀಟರ್. ಹೆಗಲು ಅಲುಗದೆ ನಿಂತಿದೆಯೆಂದು ಭಾವಿಸಿ ಲೆಕ್ಕ ಮಾಡಿದರೆ ಒಟ್ಟು ಸೆಳೆತವು ಗುಂಡಿನ ತೂಕದ 2.4 ಪಟ್ಟು. ಎಂದರೆ 12 ಕಿಲೋಗ್ರಾಂ ಗುಂಡು ಆ ಕ್ಷಣದಲ್ಲಿ 29 ಕಿಲೋಗ್ರಾಂಗಳಂತೆ ಕೈಯನ್ನೆಳೆಯುತ್ತದೆ. ಮೊದಲ ದಿನ ತೋಳಿಗಿಂತಲೂ ಮೊದಲು ಬೆರಳುಗಳು ಸೋಲುವುದು ಇದರಿಂದಲೇ. ತೂಗುವವನ ಎದುರಿಗೆ ಯಾರೂ ನಿಲ್ಲಬಾರದೆಂಬ ನಿಯಮದ ಕಾರಣವೂ ಇದೇ.

ಇನ್ನೊಂದು ಲೆಕ್ಕವು ಇನ್ನೂ ಆಶ್ಚರ್ಯಕರ. ಪ್ರತಿ ಬಾರಿಯೂ ಗುಂಡನ್ನು ಅತಿ ಕೆಳಗಿನ ಸ್ಥಾನದಿಂದ ಅತಿ ಮೇಲಿನ ಸ್ಥಾನಕ್ಕೆ, ಸುಮಾರು 0.7 ಮೀಟರ್, ಎತ್ತಿದರೆ ಆಗುವ ಕೆಲಸವು 82 ಜೂಲ್. ಒಂದು ಚಮಚ ಸಕ್ಕರೆಯಲ್ಲಿ, ಎಂದರೆ 5 ಗ್ರಾಂಗಳಲ್ಲಿ, ಸುಮಾರು 20 ಕಿಲೋಕ್ಯಾಲೊರಿ ಶಕ್ತಿಯಿದೆ. ಕಾಗದದ ಮೇಲಿನ ಲೆಕ್ಕದಂತೆ ಆ ಸಕ್ಕರೆಯು ಸಾವಿರ ತೂಗುಗಳಿಗೆ ಸಾಕು! ಆದರೆ ಇಪ್ಪತ್ತು ತೂಗುಗಳಿಗೇ ನನ್ನ ನಾಡಿಯು ನಿಮಿಷಕ್ಕೆ 72ರಿಂದ 128ಕ್ಕೆ ಏರಿತ್ತು. ಉಳಿದ ಶಕ್ತಿ ಎಲ್ಲಿ ಹೋಯಿತು?

ಸ್ನಾಯುವು ಉಕ್ಕಿನ ಸುರುಳಿಯಲ್ಲ. ಸುರುಳಿಯನ್ನು ಒಮ್ಮೆ ಎಳೆದು ಕಟ್ಟಿದರೆ ಅದು ಏನನ್ನೂ ಖರ್ಚು ಮಾಡದೆ ವರ್ಷಗಟ್ಟಲೆ ಬಿಗಿಯಾಗಿರಬಲ್ಲದು. ಸ್ನಾಯುವಿನೊಳಗಾದರೋ ಮಯೋಸಿನ್ ಎಂಬ ಪ್ರೋಟೀನಿನ ಎಳೆಗಳು ಆಕ್ಟಿನ್ ಎಂಬ ಎಳೆಗಳನ್ನು ಮತ್ತೆ ಮತ್ತೆ ಹಿಡಿದು, ಎಳೆದು, ಬಿಡುತ್ತಿರಬೇಕು. ಪ್ರತಿ ಹಿಡಿತಕ್ಕೂ ಎ.ಟಿ.ಪಿ. ಎಂಬ ರಾಸಾಯನಿಕ ಇಂಧನವು ವ್ಯಯವಾಗುತ್ತದೆ. ಹೀಗೆ ವ್ಯಯವಾದುದರ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಹೊರಗಿನ ಕೆಲಸವಾಗಿ ದೊರೆಯುವುದು ವಿರಳ, ಉಳಿದುದು ಶಾಖ. ಮೇಲಾಗಿ ಕೆಳಗಿಳಿಯುವ ಗುಂಡನ್ನು ತಡೆಯಲಿಕ್ಕೂ ಇಂಧನವು ಬೇಕು. ಇಪ್ಪತ್ತು ತೂಗುಗಳ ಕೊನೆಗೆ ಗುಂಡು ಹೊರಟ ಜಾಗಕ್ಕೇ ಮರಳುವುದರಿಂದ ಭೌತಶಾಸ್ತ್ರದ ದೃಷ್ಟಿಯಲ್ಲಿ ಅದಕ್ಕೆ ದೊರೆತ ಶಕ್ತಿಯ ಮೊತ್ತವು ಸೊನ್ನೆ. ಬೆವರು ಮಾತ್ರ ಸೊನ್ನೆಯಲ್ಲ.

ಬೆನ್ನಿನ ಸನ್ನೆ

ಇದುವರೆಗಿನ ಲೆಕ್ಕಗಳು ಕುತೂಹಲಕ್ಕಾಗಿ. ಇನ್ನು ಹೇಳುವುದು ಆರೋಗ್ಯಕ್ಕೆ ಸಂಬಂಧಿಸಿದುದು. ಮುಂದಕ್ಕೆ ಬಾಗಿದಾಗ ಬೆನ್ನುಮೂಳೆಯು ಒಂದು ಸನ್ನೆಯಾಗುತ್ತದೆ. ಸೊಂಟದ ಕೆಳಭಾಗದ ಮಣಿಯೇ ಅದರ ಆಧಾರಬಿಂದು. ಬೆನ್ನನ್ನು ಹಿಡಿದು ನಿಲ್ಲಿಸುವ ಸ್ನಾಯುಗಳು ಆ ಬಿಂದುವಿನಿಂದ ಸುಮಾರು 5 ಸೆಂಟಿಮೀಟರ್ ಮಾತ್ರ ಹಿಂದಿವೆ. ಎತ್ತಬೇಕಾದ ಭಾರವು 40 ಸೆಂಟಿಮೀಟರ್ ಮುಂದಿದ್ದರೆ ಸ್ನಾಯುಗಳು ಭಾರದ ಎಂಟು ಪಟ್ಟು ಎಳೆಯಬೇಕು. 12 ಕಿಲೋಗ್ರಾಂ ಗುಂಡಿಗೆ ಇದು 96 ಕಿಲೋಗ್ರಾಂಗಳ ಎಳೆತ. ಗುಂಡನ್ನು 20 ಸೆಂಟಿಮೀಟರ್ ದೂರಕ್ಕೆ ತಂದುಕೊಂಡರೆ ಎಳೆತವೂ ಅರ್ಧವಾಗುತ್ತದೆ. ಮುಂಡದ ಸ್ವಂತ ಭಾರವನ್ನು ನಾವಿಲ್ಲಿ ಲೆಕ್ಕಕ್ಕೇ ಹಿಡಿದಿಲ್ಲ.

ಈಗ ಗುಂಡಿನ ಬದಲಿಗೆ 50 ಕಿಲೋಗ್ರಾಂ ಕಾಫಿಯ ಮೂಟೆಯನ್ನಿಡಿರಿ. ಎಂಟು ಪಟ್ಟು ಎಂದರೆ 400 ಕಿಲೋಗ್ರಾಂ! ಸಕಲೇಶಪುರ, ಆಲೂರುಗಳ ತೋಟಗಳಲ್ಲಿ ಕೊಯ್ಲಿನ ದಿನಗಳಂದು ಇಂತಹ ಮೂಟೆಗಳು ನಿತ್ಯವೂ ಏರಿಳಿಯುತ್ತವೆ; ರಜೆಯಲ್ಲಿ ಮನೆಗೆ ಬಂದ ಎಷ್ಟೋ ವಿದ್ಯಾರ್ಥಿಗಳೂ ಕೈಹಾಕುತ್ತಾರೆ. ಅನುಭವಸ್ಥ ಕೂಲಿಕಾರನು ಮೂಟೆಯನ್ನು ಮೈಗೆ ಒತ್ತಿಕೊಂಡೇ ಎತ್ತಿ, ತಲೆಯ ಅಥವಾ ಬೆನ್ನಿನ ಮೇಲೆ ಹೊರುತ್ತಾನೆ. ಸನ್ನೆಯ ಸೂತ್ರವನ್ನು ಓದದಿದ್ದರೂ ಭಾರವನ್ನು ಆಧಾರಬಿಂದುವಿನ ಸಮೀಪಕ್ಕೆ ತರಬೇಕೆಂಬ ಸತ್ಯವನ್ನು ಅವನ ದೇಹವು ಕಲಿತಿದೆ. ಸೂತ್ರವನ್ನು ಓದಿದ ಹುಡುಗನು ಕಾಲುಗಳನ್ನು ನೆಟ್ಟಗೆ ನಿಲ್ಲಿಸಿ, ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ, ದೂರದಿಂದಲೇ ಮೂಟೆಗೆ ಕೈಚಾಚುವುದುಂಟು. ಒಂದು ಋತುವಿನಲ್ಲಿ ಕೆಟ್ಟ ಸೊಂಟವು ಅನೇಕ ಋತುಗಳವರೆಗೆ ದುಡಿಮೆಯನ್ನು ಕಸಿಯಬಲ್ಲದು. ಬೆನ್ನನ್ನು ನೇರವಾಗಿರಿಸಿ ಸೊಂಟದಲ್ಲಿ ಬಾಗುವ ಅಭ್ಯಾಸವನ್ನು ಹಿಡಿಗುಂಡು ಕಲಿಸುವುದಾದರೆ, ಅದರ ಬೆಲೆಯು ತೋಳಿನ ಗಾತ್ರಕ್ಕಿಂತ ಹೆಚ್ಚಿನದು.

ಹೊಸಬರಿಗೆ ಕೆಲವು ಸೂಚನೆಗಳನ್ನು ಕೊಡಬಹುದು. ತಿಳಿದವರ ಕಣ್ಣೆದುರಿನಲ್ಲಿಯೇ ಆರಂಭಿಸಬೇಕು. ಗುಂಡಿಲ್ಲದೆ ಬರಿಗೈಯಲ್ಲಿ ಸೊಂಟ ಬಾಗಿಸುವುದನ್ನು ಕಲಿತ ನಂತರವೇ ಗುಂಡನ್ನು ಹಿಡಿಯಬೇಕು, ಅದೂ ಹಗುರವಾದುದನ್ನು. ಉಸಿರನ್ನು ಬಹಳ ಹೊತ್ತು ಬಿಗಿಹಿಡಿದರೆ ರಕ್ತದೊತ್ತಡವು ಏರುವುದರಿಂದ, ಪ್ರತಿ ತೂಗಿನ ಮೇಲ್ತುದಿಯಲ್ಲಿ ಉಸಿರನ್ನು ಹೊರಬಿಡಬೇಕು. ಬೆನ್ನುನೋವು, ಹೃದ್ರೋಗ, ರಕ್ತದೊತ್ತಡವುಳ್ಳವರು ಮೊದಲು ವೈದ್ಯರನ್ನು ಕೇಳಬೇಕು. 5ರಿಂದ 17 ವರ್ಷದವರೆಗಿನವರು ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಸಬೇಕೆಂದೂ, ಸ್ನಾಯು ಮತ್ತು ಮೂಳೆಗಳನ್ನು ಬಲಪಡಿಸುವ ವ್ಯಾಯಾಮವು ವಾರಕ್ಕೆ ಮೂರು ದಿನವಾದರೂ ಇರಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸಲಹೆ ಮಾಡಿದೆ. ಅದಕ್ಕೆ ಹಿಡಿಗುಂಡೇ ಆಗಬೇಕೆಂದಿಲ್ಲ. ದಂಡ, ಬಸ್ಕಿಗಳೂ ಸಾಕು.

ಗುಂಡು ಸಿಗದವರೂ ಈ ಪಾಠವನ್ನು ಇಂದೇ ಪರೀಕ್ಷಿಸಬಹುದು. ಒಂದು ಲೀಟರ್ ನೀರು ತುಂಬಿದ ಬಾಟಲಿಯನ್ನು ಕೈಚೀಲದಲ್ಲಿಟ್ಟು, ಮೊದಲು ಎದೆಗೆ ಅಪ್ಪಿಕೊಂಡು, ಬಳಿಕ ಚಾಚಿದ ಕೈಯಲ್ಲಿ, ಕೊನೆಗೆ ಒಂದು ಮೀಟರ್ ಕೋಲಿನ ತುದಿಗೆ ತೂಗಹಾಕಿ ಹಿಡಿಯಿರಿ. ಎಷ್ಟು ಸೆಕೆಂಡು ಹಿಡಿಯಬಲ್ಲಿರೆಂಬುದನ್ನು ಬರೆದಿಡಿರಿ. ತಕ್ಕಡಿಯು ಮೂರು ಬಾರಿಯೂ ಒಂದೇ ಉತ್ತರವನ್ನು ಕೊಡುತ್ತದೆ. ನಿಮ್ಮ ತೋಳು ಕೊಡುವ ಉತ್ತರವನ್ನು ಭ್ರಾಮಕದ ಸೂತ್ರದೊಡನೆ ಹೋಲಿಸಿ ನೋಡಿರಿ.