ನೂರಕ್ಕೆ ಮೂರು ಅಂದ್ರೆ ಮೂರೇ!

ಒಂದು ಕಿಲೋ ಅಂತ ದುಡ್ಡು ತಗೊಂಡು ಮುಕ್ಕಾಲು ಕಿಲೋ ತೂಗಿದರೆ ಗಿರಾಕಿ ಸುಮ್ಮನಿರ್ತಾನಾ? ಕೇಂದ್ರ ಸರ್ಕಾರ ಅಂಗವಿಕಲರಿಗೆ ವರ್ಷಗಟ್ಟಲೆ ತೂಗಿದ್ದು ಹೀಗೇ.

1995ರ ಕಾಯ್ದೆ ಹೇಳಿದ್ದು ಸ್ಪಷ್ಟ. ಸರ್ಕಾರಿ ಹುದ್ದೆಗಳಲ್ಲಿ ನೂರಕ್ಕೆ ಕನಿಷ್ಠ ಮೂರು ಅಂಗವಿಕಲರಿಗೆ: ಅಂಧರಿಗೊಂದು, ಕಿವುಡರಿಗೊಂದು, ಕೈಕಾಲು ಊನವಾದವರಿಗೊಂದು. ಗುಮಾಸ್ತ, ಜವಾನರ ಕೆಲಸಕ್ಕೆ ಸರ್ಕಾರ ಈ ಲೆಕ್ಕ ಒಪ್ಪಿತು. ಅಧಿಕಾರಿ ದರ್ಜೆ ಬಂದಾಗ ತಕ್ಕಡಿ ವಾಲಿತು. ನೂರು ಹುದ್ದೆ ಖಾಲಿ ಇವೆ ಅನ್ನಿ. ‘ಇವರ ಕೈಲಾಗುವಂಥವು ನಲವತ್ತೇ’ ಎಂದು ಪಟ್ಟಿ ಮಾಡಿದರೆ, ಮೂರು ಪರ್ಸೆಂಟ್ ತೆಗೆಯೋದು ಆ ನಲವತ್ತಕ್ಕೆ ಮಾತ್ರ! ಸಿಗೋದು ಒಂದೇ ಒಂದು.

ಇದೆಂಥಾ ಲೆಕ್ಕ ಸ್ವಾಮಿ ಎಂದು ರಾಷ್ಟ್ರೀಯ ಅಂಧರ ಒಕ್ಕೂಟ ದಿಲ್ಲಿ ಹೈಕೋರ್ಟಿನ ಮೆಟ್ಟಿಲೇರಿತು. 2008ರಲ್ಲಿ ಗೆದ್ದಿತು. ಸರ್ಕಾರ ಬಿಡಲಿಲ್ಲ, ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಒಕ್ಕೂಟದ ಪರ ವಾದಕ್ಕೆ ನಿಂತವರು ಹಿರಿಯ ವಕೀಲ ಎಸ್.ಕೆ. ರುಂಗ್ಟಾ. ಅವರೂ ಅಂಧರೇ.

2013ರ ಅಕ್ಟೋಬರ್ 8ರಂದು ತೀರ್ಪು ಬಂತು. ಯಾವ ದರ್ಜೆಯೇ ಇರಲಿ, ಲೆಕ್ಕ ಹಾಕಬೇಕಾದ್ದು ಒಟ್ಟು ಖಾಲಿ ಹುದ್ದೆಗಳ ಮೇಲೆ. ಮೂರು ತಿಂಗಳೊಳಗೆ ಎಣಿಸಿ ಎಂದಿತು ಕೋರ್ಟು. 2016ರ ಹೊಸ ಕಾಯ್ದೆ ಆ ಮೂರನ್ನು ನಾಲ್ಕು ಮಾಡಿತು.

ಕಾಯ್ದೆಯ ಪುಸ್ತಕದಲ್ಲಿ ಅಂಕಿ ಏರಿದರೆ ಸಾಲದು, ತಕ್ಕಡಿ ನೋಡೋರೂ ಬೇಕು. ಕಣ್ಣಿದ್ದವರು ತಪ್ಪಿಸಿದ ಲೆಕ್ಕವನ್ನು ಈ ಸಲ ತಿದ್ದಿದವರು ಕಣ್ಣಿಲ್ಲದವರು.